217ನೇ ರೂಮಿನಲ್ಲಿ ನಿದ್ದೆ ಯಾಕೆ ಬರುವುದಿಲ್ಲ?

1911ರ ಜೂನ್ ತಿಂಗಳು. ಅಮೆರಿಕದ ಕೊಲೊರಾಡೊ ರಾಜ್ಯದ ಎಸ್ಟೆಸ್ ಪಾರ್ಕ್ ಎಂಬ ಬೆಟ್ಟದೂರಿನಲ್ಲಿ ಗುಡುಗು ಮಳೆ. ಸ್ಟ್ಯಾನ್ಲಿ ಹೋಟೆಲ್‌ನಲ್ಲಿ ಕರೆಂಟ್ ಹೋಯಿತು. ಇಂಥ ಹೊತ್ತಿಗೆ ಬೇಕಾಗುತ್ತದೆ ಅಂತಲೇ ರೂಮುಗಳಲ್ಲಿ ಅಸಿಟಿಲೀನ್ ಗ್ಯಾಸ್ ದೀಪ ಇಟ್ಟಿದ್ದರು. ಹೌಸ್‌ಕೀಪಿಂಗ್ ನೋಡಿಕೊಳ್ಳುತ್ತಿದ್ದ ಎಲಿಜಬೆತ್ ವಿಲ್ಸನ್ ದೀಪ ಹಚ್ಚಲೆಂದು ಮೇಣದಬತ್ತಿ ಹಿಡಿದು 217ನೇ ರೂಮಿಗೆ ಹೋದರು. ಸೋರಿದ ಗ್ಯಾಸ್ ಒಳಗೆ ತುಂಬಿಕೊಂಡಿತ್ತು. ಢಂ! ನೆಲ ಕಿತ್ತುಹೋಗಿ ಆಕೆ ಕೆಳಗಿನ ಮಹಡಿಗೆ ಬಿದ್ದರು.

ಸಾಯಲಿಲ್ಲ. ಕಾಲು ಮುರಿಯಿತು. ವಾಸಿಯಾದ ಮೇಲೆ ಮತ್ತೆ ಕೆಲಸಕ್ಕೂ ಬಂದರು ಅಂತ ಹೋಟೆಲಿನವರೇ ಹೇಳುತ್ತಾರೆ. ಆದರೂ ಇವತ್ತು ಆ ರೂಮಿನ ದೆವ್ವ ಅವರೇ! ರಾತ್ರಿ ಬಂದು ಅತಿಥಿಗಳ ಬಟ್ಟೆ ಮಡಚಿಡುತ್ತಾರಂತೆ. (ಇಂಥ ದೆವ್ವ ನಮ್ಮನೆಗೆ ಬಂದರೆ ನಾನಂತೂ ಬೇಡ ಅನ್ನಲ್ಲ.)

ಅದೇ 1911ರಲ್ಲಿ ಮಸ್ಸೂರಿಯ ಸೆವಾಯ್ ಹೋಟೆಲ್‌ನಲ್ಲಿ ನಿಜಕ್ಕೂ ಒಂದು ಸಾವಾಯಿತು. ಫ್ರಾನ್ಸಿಸ್ ಗಾರ್ನೆಟ್-ಆರ್ಮ್ ಎಂಬ ಇಂಗ್ಲಿಷ್ ಮಹಿಳೆ, ಆತ್ಮಗಳ ಜೊತೆ ಮಾತಾಡುವ ಗೀಳು ಇದ್ದವರು, ವಿಷದಿಂದ ತೀರಿಕೊಂಡರು. ಗೆಳತಿಯ ಮೇಲೆ ಕೇಸಾಯಿತು, ಅಲಹಾಬಾದ್‌ನಲ್ಲಿ ಖುಲಾಸೆಯೂ ಆಯಿತು. ಕೊಂದವರು ಯಾರೆಂದು ಗೊತ್ತಾಗಲೇ ಇಲ್ಲ.

ಒಂದು ಕಡೆ ಸಾವಿದೆ, ಇನ್ನೊಂದು ಕಡೆ ಇಲ್ಲ. ದೆವ್ವದ ಹೆಸರು ಮಾತ್ರ ಎರಡಕ್ಕೂ ಅಂಟಿದೆ. ಹಾಗಾಗಿ ರೂಮಿನ ಇತಿಹಾಸ ಕೆದಕುವುದಕ್ಕಿಂತ ಅಲ್ಲಿ ಮಲಗಿದವರ ತಲೆಯೊಳಗೆ ಏನಾಗುತ್ತದೆ ಅಂತ ನೋಡುವುದು ವಾಸಿ.

ಹೊಸ ಜಾಗದಲ್ಲಿ ಮೊದಲ ರಾತ್ರಿ ಸರಿಯಾಗಿ ನಿದ್ದೆ ಹತ್ತುವುದಿಲ್ಲ, ಅಲ್ವಾ? ನಿದ್ದೆಯ ಮೇಲೆ ಪ್ರಯೋಗ ಮಾಡುವವರಿಗೂ ಇದು ಹಳೇ ತಲೆನೋವು. ಎಷ್ಟೋ ಸಲ ಮೊದಲ ರಾತ್ರಿಯ ಲೆಕ್ಕವನ್ನು ಅವರು ಪಕ್ಕಕ್ಕಿಟ್ಟುಬಿಡುತ್ತಾರೆ. ಬ್ರೌನ್ ವಿಶ್ವವಿದ್ಯಾಲಯದ ಮಸಾಕೊ ತಮಾಕಿ, ಯುಕಾ ಸಸಾಕಿ ಅವರ ತಂಡ ಮಾತ್ರ ಆ ಮೊದಲ ರಾತ್ರಿಯನ್ನೇ ಹಿಡಿದು ನೋಡಿತು. 2016ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಮಜವಾಗಿದೆ. ಗಾಢ ನಿದ್ದೆಯಲ್ಲೂ ಮಿದುಳಿನ ಎಡಭಾಗದ ಒಂದು ಜಾಲ ಬಲಭಾಗದಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. ಮಲಗಿದವರ ಕಿವಿಗೆ ಮೆಲ್ಲಗೆ ಒಂದೇ ಥರದ ಬೀಪ್ ಸದ್ದು ಕೇಳಿಸಿದರು, ಅಪರೂಪಕ್ಕೊಮ್ಮೆ ಬೇರೆ ಸ್ವರದ ಬೀಪ್. ಆ ಬೇರೆ ಸದ್ದಿಗೆ ಎಡಭಾಗ ಜಾಸ್ತಿ ಮಿಡಿಯಿತು. ಅದು ಬಲಗಿವಿಗೆ ಬಿದ್ದಾಗ ಜನ ಬೇಗ ಎಚ್ಚರಗೊಂಡರು. ಬಲಗಿವಿಯ ಸದ್ದು ಮುಖ್ಯವಾಗಿ ಎಡ ಮಿದುಳಿಗೇ ಹೋಗುವುದು. ಕೆಲವು ದಿನ ಬಿಟ್ಟು ಎರಡನೇ ಸಲ ಮಲಗಿಸಿದಾಗ ಈ ವ್ಯತ್ಯಾಸ ಇರಲಿಲ್ಲ. ಅಂದರೆ ಹೊಸ ಜಾಗದಲ್ಲಿ ಅರ್ಧ ಮಿದುಳು ಬಾಗಿಲಲ್ಲಿ ಮಲಗಿದ ನಾಯಿಯಂತೆ ಕಿವಿ ನಿಮಿರಿಸಿಕೊಂಡೇ ಇರುತ್ತದೆ.

1974ರಲ್ಲಿ ಇದೇ 217ನೇ ರೂಮಿನಲ್ಲಿ ಒಂದು ರಾತ್ರಿ ತಂಗಿದ ಕಾದಂಬರಿಕಾರ ಸ್ಟೀಫನ್ ಕಿಂಗ್ ಕೆಟ್ಟ ಕನಸು ಬಿದ್ದು ಬೆವೆತು ಎದ್ದಿದ್ದರು. ಆ ರಾತ್ರಿಯಿಂದ ಹುಟ್ಟಿದ್ದು ‘ದಿ ಶೈನಿಂಗ್’ ಕಾದಂಬರಿ. ಆ ರೂಮು ಜಗತ್ತಿಗೆಲ್ಲ ಗೊತ್ತಾಗಿದ್ದು ಅಲ್ಲಿಂದಲೇ.

ಇನ್ನೊಂದು ವಿಷಯವನ್ನು ದೆವ್ವದ ಟೂರ್ ನಡೆಸುವವರು ಹೇಳುವುದಿಲ್ಲ: ಎತ್ತರ. ಎಸ್ಟೆಸ್ ಪಾರ್ಕ್ ಸುಮಾರು 2,300 ಮೀಟರ್ ಎತ್ತರದಲ್ಲಿದೆ, ಮಸ್ಸೂರಿ ಸುಮಾರು 2,000. ಬಯಲಿನಿಂದ ಹೊಸದಾಗಿ ಹತ್ತಿದವರಿಗೆ ಅಲ್ಲಿ ಆಮ್ಲಜನಕ ಕಡಿಮೆ, ನಿದ್ದೆ ತುಂಡು ತುಂಡು. ರಾತ್ರಿ ಚಳಿ ಏರಿದಂತೆ ಹಳೇ ಕಟ್ಟಡದ ಮರ ಕುಗ್ಗಿ ಲಟ್ ಲಟ್ ಅನ್ನುತ್ತದೆ. ಹಗಲೂ ಅನ್ನುತ್ತಿರಬಹುದು, ಆಗ ಕೇಳುವವರು ಯಾರು?

ನಿದ್ದೆ ಹೀಗೆ ಕೆಟ್ಟಾಗ ಒಮ್ಮೊಮ್ಮೆ ಇನ್ನೊಂದು ಎಡವಟ್ಟಾಗುತ್ತದೆ. ಕನಸಿನ ಹೊತ್ತಿನಲ್ಲಿ ಮಿದುಳು ಕೈಕಾಲಿನ ಸ್ನಾಯುಗಳನ್ನು ಕಟ್ಟಿಹಾಕಿರುತ್ತದೆ. ಆ ಕಟ್ಟು ಬಿಚ್ಚುವ ಮೊದಲೇ ಎಚ್ಚರವಾದರೆ ಕಣ್ಣು ಬಿಟ್ಟಿರುತ್ತೀರಿ, ಅಲ್ಲಾಡಲು ಆಗುವುದಿಲ್ಲ, ಕೂಗಲೂ ಆಗುವುದಿಲ್ಲ. ಮಂಚದ ಪಕ್ಕ ಯಾರೋ ನಿಂತಂತೆ, ಎದೆಯ ಮೇಲೆ ಕೂತಂತೆ. ಅಂಗಾತ ಮಲಗುವವರಿಗೆ ಇದು ಹೆಚ್ಚು. ಅನುಭವಿಸಿದವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಹಾಗೇ ಕಂಡಿರುತ್ತದೆ.

ಕಿವಿಗೆ ಕೇಳದಷ್ಟು ತಗ್ಗಿನ ಸದ್ದೇ ದೆವ್ವ ತೋರಿಸುತ್ತದೆ ಅನ್ನುವ ಮಾತನ್ನು ನೀವು ಕೇಳಿರಬಹುದು. ಇದರ ಮೂಲ ಇಂಗ್ಲೆಂಡಿನ ಎಂಜಿನಿಯರ್ ವಿಕ್ ಟ್ಯಾಂಡಿ. ಕೆಲಸದ ಜಾಗದಲ್ಲಿ ಅವರಿಗೆ ಬೂದು ಬಣ್ಣದ ಆಕೃತಿಯೊಂದು ಕಂಡಿತ್ತು. ಮರುದಿನ ವೈಸ್‌ಗೆ (ವಸ್ತುವನ್ನು ಬಿಗಿಯಾಗಿ ಹಿಡಿದಿಡುವ ಸಲಕರಣೆ) ಸಿಕ್ಕಿಸಿದ್ದ ಕತ್ತಿವರಸೆಯ ಕತ್ತಿ ತಾನಾಗಿ ನಡುಗತೊಡಗಿತು. ಹುಡುಕಿದರೆ, ಹೊಸದಾಗಿ ಹಾಕಿದ ಫ್ಯಾನಿನಿಂದ ಸುಮಾರು 19 ಹರ್ಟ್ಜ್ ಕಂಪನ! 1998ರಲ್ಲಿ ಇದನ್ನು ಅವರು ಬರೆದರು. ಕತೆ ಚೆನ್ನಾಗಿದೆ, ನನಗಂತೂ ಪೂರ್ತಿ ನಂಬಿಕೆ ಇಲ್ಲ. ಕಾರಣ, ಲಂಡನ್ನಿನ ಗೋಲ್ಡ್‌ಸ್ಮಿತ್ಸ್‌ನ ಕ್ರಿಸ್ ಫ್ರೆಂಚ್ ತಂಡ ಖಾಲಿ ರೂಮೊಂದರಲ್ಲಿ ಇಂಥ ಸದ್ದನ್ನೂ ವಿದ್ಯುತ್ಕಾಂತೀಯ ಕ್ಷೇತ್ರವನ್ನೂ ಬಿಟ್ಟು 79 ಜನರನ್ನು ಒಬ್ಬೊಬ್ಬರಾಗಿ ಒಳಗೆ ಕಳಿಸಿ ನೋಡಿತ್ತು. ತುಂಬ ಜನರಿಗೆ ವಿಚಿತ್ರ ಅನುಭವವೇನೋ ಆಯಿತು. ಆದರೆ ಯಂತ್ರ ಆನ್ ಇದ್ದರೂ ಆಫ್ ಇದ್ದರೂ ಹೆಚ್ಚುಕಮ್ಮಿ ಅಷ್ಟೇ. ಏನೋ ಆಗಬಹುದು ಅಂತ ಮೊದಲೇ ಹೇಳಿ ಕಳಿಸಿದ್ದೇ ಸಾಕಾಗಿತ್ತು ಅಂತ ಕಾಣುತ್ತದೆ. ದೆವ್ವದ ರೂಮು ಬೇಕೆಂದು ಕೇಳಿ ಬುಕ್ ಮಾಡುವವರು ಈ ಸೂಚನೆಯನ್ನು ಕೈಯಾರೆ ಕೊಂಡುಕೊಂಡು ಹೋಗಿರುತ್ತಾರೆ.

ನಿಜಕ್ಕೂ ಹೆದರಬೇಕಾದ್ದು ಒಂದಿದೆ, ಕಾರ್ಬನ್ ಮೊನಾಕ್ಸೈಡ್. 1921ರಲ್ಲಿ ವಿಲ್ಮರ್ ಎಂಬ ಅಮೆರಿಕನ್ ಕಣ್ಣಿನ ವೈದ್ಯರು ಒಂದು ಕುಟುಂಬದ ಕತೆ ಪ್ರಕಟಿಸಿದರು. ಹಳೇ ಮನೆಗೆ ಬಂದ ಮೇಲೆ ಆ ಮನೆಯವರಿಗೆ ಹೆಜ್ಜೆ ಸದ್ದು, ತಲೆನೋವು, ಯಾರೋ ಹಿಂದೆ ಬಂದಂತೆ. ಮಕ್ಕಳು ಬಿಳಿಚಿಕೊಂಡರು, ಕುಂಡದ ಗಿಡಗಳು ಬಾಡಿದವು. ನೋಡಿದರೆ ಮನೆ ಬೆಚ್ಚಗಿಡುವ ಒಲೆ ಕೆಟ್ಟು ಹೊಗೆ ಒಳಗೇ ಸೋರುತ್ತಿತ್ತು. ರಿಪೇರಿ ಆಯಿತು, ದೆವ್ವಗಳೂ ಹೋದವು.

ಬಣ್ಣ, ವಾಸನೆ ಇಲ್ಲದ ಈ ಅನಿಲ ಚಳಿಯೂರಿನ ಲಾಡ್ಜ್‌ಗಳಲ್ಲಿ ಈಗಲೂ ಜೀವ ತೆಗೆಯುತ್ತದೆ. ರೂಮಿನಲ್ಲಿ ಇದ್ದಿಲಿನ ಅಗ್ಗಿಷ್ಟಿಕೆಯನ್ನೋ ಗ್ಯಾಸ್ ಹೀಟರನ್ನೋ ಹಚ್ಚಿ ಮಲಗಬೇಡಿ, ಕಿಟಕಿ ತೆರೆದಿದ್ದರೂ ಬೇಡ. ತಲೆನೋವು, ವಾಕರಿಕೆ ಶುರುವಾಗಿ ಪಕ್ಕದಲ್ಲಿದ್ದವರಿಗೂ ಹಾಗೇ ಆಗುತ್ತಿದ್ದರೆ ಎಲ್ಲರನ್ನೂ ಎಬ್ಬಿಸಿಕೊಂಡು ಮೊದಲು ಹೊರಗೆ ಬನ್ನಿ, ಆಮೇಲೆ ಡಾಕ್ಟರ ಹತ್ತಿರ ಹೋಗಿ.