ಹಳೆಯ ಪತ್ರಿಕೆ ಫೋಟೋ ಓದುವುದು: ಊರು ಇರುವುದು ಅಂಚಿನಲ್ಲಿ

ಹಳೆಯ ಅಮೆರಿಕನ್ ಪತ್ರಿಕೆಯಲ್ಲಿ ಸಣ್ಣ ಊರಿನ ಫೋಟೋ ಸಿಕ್ಕಿದಾಗ ನಾವು ನಡುವೆ ನಿಂತವರನ್ನು ನೋಡಿ ಮುಂದೆ ಹೋಗಿಬಿಡುತ್ತೇವೆ, ಅಲ್ವಾ? ನಡುವೆ ಇರುವುದು ಸುದ್ದಿ. ದಿನನಿತ್ಯದ ಬದುಕು ಬೇಕಿದ್ದರೆ ಅಂಚು ನೋಡಬೇಕು.

ಇದಕ್ಕೆ ಕಾರಣ ಕ್ಯಾಮೆರಾ. 20ನೇ ಶತಮಾನದ ನಡುಭಾಗದವರೆಗೆ ಅಮೆರಿಕದ ಪತ್ರಿಕಾ ಫೋಟೋಗ್ರಾಫರ್‌ಗಳು ಜಾಸ್ತಿ ಬಳಸಿದ್ದು ಸ್ಪೀಡ್ ಗ್ರಾಫಿಕ್‌ನಂಥ ದೊಡ್ಡ ಕ್ಯಾಮೆರಾ. ಫಿಲ್ಮ್ ಅಂದರೆ 4×5 ಇಂಚಿನ ಬಿಡಿ ಹಾಳೆ. ಹಾಳೆಯನ್ನು ಕ್ಯಾಮೆರಾಕ್ಕೆ ಸೇರಿಸುವ ಚೌಕಟ್ಟು, ಅಂದರೆ ಹೋಲ್ಡರ್, ಒಂದಕ್ಕೆ ಎರಡೇ ಹಾಳೆ, ಆ ಬದಿಗೊಂದು, ಈ ಬದಿಗೊಂದು. ಫ್ಲ್ಯಾಶ್ ಬಲ್ಬ್ ಒಮ್ಮೆ ಉರಿದರೆ ಮುಗೀತು, ಕಿತ್ತು ಬೇರೆ ಹಾಕಬೇಕು. ಇಂಥದ್ದರಲ್ಲಿ ಸುಮ್ನೆ ಕ್ಲಿಕ್ಕಿಸುವವರು ಯಾರು? ನಿಲ್ಲಿಸಿ, ಸರಿಪಡಿಸಿ ತೆಗೆಯುತ್ತಿದ್ದರು. ಹಾಗಾಗಿ ರಿಬ್ಬನ್ ಕತ್ತರಿಸುವವರೆಲ್ಲ ಗೊಂಬೆಗಳ ಹಾಗೆ ಕಾಣುತ್ತಾರೆ. ಆದರೆ ಅಷ್ಟು ದೊಡ್ಡ ನೆಗೆಟಿವ್‌ನಲ್ಲಿ ಹಿಂದಿನ ಬೀದಿಯೂ ಬಂದು ಕೂತಿರುತ್ತದೆ. ಅದಕ್ಕೆ ಯಾರೂ "ನಗಿ" ಅಂದಿರುವುದಿಲ್ಲ.

ಒಂದು ಅಂಗಡಿ ಉದ್ಘಾಟನೆಯ ಫೋಟೋ ಅಂದುಕೊಳ್ಳಿ. ಬಲ ಅಂಚಿನಲ್ಲಿ ಅರ್ಧ ಸೈಕಲ್. ಚಕ್ರದ ಕಡ್ಡಿಗಳು ಮಸುಕು, ಅಂದರೆ ಅದು ಓಡುತ್ತಿದೆ. ನೆರಳು ಉದ್ದ, ಹಾಗಾದರೆ ಬಹುಶಃ ನಡುಮಧ್ಯಾಹ್ನವಲ್ಲ. ಇನ್ನು ಅಂಗಡಿಯ ಗಾಜು ನೋಡಿ. ಎದುರು ಸಾಲಿನ ಬೋರ್ಡ್ ಅದರಲ್ಲಿ ಕನ್ನಡಿಯಲ್ಲಿ ಕಂಡಂತೆ ತಿರುಗಿ ಮೂಡಿದೆ. ಸ್ಕ್ಯಾನ್ ಪ್ರತಿಯನ್ನು ಎಡಬಲ ತಿರುಗಿಸಿದರೆ ಹೆಸರು ಓದಬಹುದು. ನನಗೆ ಇಡೀ ಫೋಟೋಗಿಂತ ಈ ಗಾಜೇ ಇಷ್ಟ.

ಸಾಧ್ಯವಾದರೆ ಅಚ್ಚಾದ ಪುಟದ ಬದಲು ಮೂಲ ಪ್ರಿಂಟ್, ಅಂದರೆ ನೆಗೆಟಿವ್‌ನಿಂದ ಫೋಟೋ ಕಾಗದದ ಮೇಲೆ ತೆಗೆದ ಪ್ರತಿ, ಹುಡುಕಿ. ಪುಟದಲ್ಲಿರುವುದು ಬರೀ ಚುಕ್ಕಿ. ಒರಟು ಪತ್ರಿಕೆ ಕಾಗದಕ್ಕೆ ಇಂಚಿಗೆ ಸುಮಾರು 65ರಿಂದ 85 ಸಾಲು ಚುಕ್ಕಿಗಳಷ್ಟೇ ಹೊಂದುತ್ತಿದ್ದವು. ಎಷ್ಟು ಹಿಗ್ಗಿಸಿದರೂ ಮುಖ ಸ್ಪಷ್ಟವಾಗುವುದಿಲ್ಲ, ಚುಕ್ಕಿ ದಪ್ಪವಾಗುತ್ತದೆ. (ಈ ಚುಕ್ಕಿ ವಿಧಾನದಲ್ಲಿ ನ್ಯೂಯಾರ್ಕ್‌ನ ಡೈಲಿ ಗ್ರಾಫಿಕ್ 1880ರ ಮಾರ್ಚ್ 4ರಂದು ಛಾಪಿಸಿದ ಹೆಸರಾಂತ ಫೋಟೋ ಯಾವ ದೊಡ್ಡ ಮನುಷ್ಯನದ್ದೂ ಅಲ್ಲ, ಬಡವರ ಗುಡಿಸಲುಗಳದ್ದು.)

ಮೂಲ ಪ್ರಿಂಟ್‌ನ ಮೇಲೆ ಮೇಣದ ಪೆನ್ಸಿಲ್ ಗೆರೆಗಳಿರುತ್ತವೆ. ಪುಟಕ್ಕೆ ಎಷ್ಟು ಬೇಕು, ಎಷ್ಟು ಬೇಡ ಅಂತ ಸಂಪಾದಕರು ಹಾಕಿದ ಗುರುತು. ನಮ್ಮ ಸೈಕಲ್ ಬಹುತೇಕ ಆ ಗೆರೆಯ ಆಚೆಗೇ ಬಿದ್ದಿರುತ್ತದೆ. ತಲೆಯ ಸುತ್ತ ಬಿಳಿ ಬಣ್ಣ ಬಳಿದಿದ್ದರೆ ಅಲ್ಲಿ ಹಿಂದಿನ ಬೀದಿಯನ್ನು ಮುಚ್ಚಿದ್ದಾರೆ, ಅದನ್ನು ಬರಿಯ ಗೋಡೆ ಅಂದುಕೊಳ್ಳಬೇಡಿ. ಹಿಂಬದಿಯ ಮೊಹರಿನಲ್ಲಿ ತಾರೀಖು ಇದ್ದರೂ ಸ್ವಲ್ಪ ತಡೆಯಿರಿ. ಅದು ಫೋಟೋ ತೆಗೆದ ದಿನ ಇರಬಹುದು, ಪತ್ರಿಕೆಯಲ್ಲಿ ಬಂದ ದಿನವೂ ಇರಬಹುದು, ಕಡತಕ್ಕೆ ಸೇರಿದ ದಿನವೂ ಇರಬಹುದು.

ಅಡಿಬರಹದ್ದು ಬೇರೆಯೇ ತಾಪತ್ರಯ. "ಎಡದಿಂದ ಬಲಕ್ಕೆ" ಅಂತ ಗಂಡಸರ ಹೆಸರು ಪೂರ್ತಿ ಕೊಡುತ್ತಾರೆ. ಆಗಿನ ಅಮೆರಿಕದ ಪತ್ರಿಕೆಗಳಲ್ಲಿ ಮದುವೆಯಾದ ಹೆಂಗಸಿಗೆ ಹೆಚ್ಚಾಗಿ ಗಂಡನ ಹೆಸರೇ, ಮುಂದೊಂದು 'ಮಿಸೆಸ್' ಅಷ್ಟೇ. ಆಕೆಯನ್ನು ಹುಡುಕಬೇಕಾದರೆ ಗಂಡನ ಹೆಸರಿನಿಂದಲೇ ಶುರುಮಾಡಬೇಕು. ಸೈಕಲ್ ಸವಾರನಿಗಂತೂ ಹೆಸರೇ ಇರುವುದಿಲ್ಲ. ಆದರೆ ಗಾಜಿನಲ್ಲಿ ಓದಿದ ಬೋರ್ಡ್ ಇದೆಯಲ್ಲ, ಆ ಹೆಸರನ್ನು ಆ ಕಾಲದ ಊರ ಡೈರೆಕ್ಟರಿಗಳಲ್ಲಿ (ಊರಿನ ಜನ, ಅಂಗಡಿಗಳ ಹೆಸರು-ವಿಳಾಸದ ಪುಸ್ತಕಗಳು) ವರ್ಷದಿಂದ ವರ್ಷಕ್ಕೆ ಹುಡುಕಿ. ಆ ಸವಾರ ಯಾವ ಬೀದಿಯಲ್ಲಿ ಹೋಗುತ್ತಿದ್ದ ಅಂತ ಗೊತ್ತಾಗಬಹುದು.