ಫ್ಯಾನು ತಂಪು ಮಾಡುವುದಿಲ್ಲ, ಬಿಸಿ ಸಾಗಿಸುತ್ತದೆ

ರಾಯಚೂರಿನ ಬಸ್ ಸ್ಟ್ಯಾಂಡ್ ಹತ್ತಿರ ನನ್ನ ಅಕ್ಕನ ಮಗ ಡಿಟಿಪಿ ಅಂಗಡಿ ಇಟ್ಟಿದ್ದಾನೆ. ಮೇಲೆ ತಗಡಿನ ಶೀಟು. ಮೇ ತಿಂಗಳು ಬಂತೆಂದರೆ ಅವನದು ಒಂದೇ ಗೋಳು. "ಮಾಮಾ, ಹನ್ನೆರಡರಿಂದನ ಕಂಪ್ಯೂಟರ್ ನಿಧಾನ ಆಗ್ತದ. ಎರಡಕ್ಕ ಸರಿಯಾಗಿ ಬಂದ್ ಆಗ್ತದ ನೋಡ್ರಿ." ರಿಪೇರಿಗೆ ಬಂದವರೊಬ್ಬರು ಪ್ರೊಸೆಸರ್ (ಕಂಪ್ಯೂಟರಿನ ಲೆಕ್ಕವೆಲ್ಲ ಮಾಡುವ ಚಿಪ್) ಹೋಗಿದೆ, ಹೊಸದು ಹಾಕಿಸಿ ಎಂದಿದ್ದರು. ಅಕ್ಕ ಮಾತ್ರ ದೃಷ್ಟಿ ತಾಕಿದೆ ಎಂದು ಕ್ಯಾಬಿನೆಟ್‌ಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದಳು. ದಿನಾ ಅದೇ ಹೊತ್ತಿಗೆ ಕೆಡುತ್ತದಲ್ಲ, ಅದೇ ಅವಳಿಗೆ ಸಾಕ್ಷಿ.

ಸಾಕ್ಷಿ ನಿಜವೇ. ಆದರೆ ಅದು ಹೇಳುವುದು ಬೇರೆ. ನಮ್ಮ ಕಡೆ ಮೇ ತಿಂಗಳಲ್ಲಿ ಮಧ್ಯಾಹ್ನ ಎರಡು, ಮೂರು ಗಂಟೆ ಅಂದರೆ ದಿನದಲ್ಲೇ ಜಾಸ್ತಿ ಕಾವಿನ ಹೊತ್ತು. ಇದನ್ನು ಬಿಟ್ಟು ದೃಷ್ಟಿ, ರಾಹುಕಾಲ ಎಂದು ಹುಡುಕುತ್ತಾ ಕೂತರೆ, ಅಲ್ಲೇ ಎದುರಿಗಿರುವ ಕಾರಣ ಕಣ್ಣಿಗೆ ಬೀಳುವುದೇ ಇಲ್ಲ. ನನಗೆ ಸಂಕಟವಾಗುವುದು ಅದಕ್ಕೇ.

ಫ್ಯಾನಿನ ಗಾಳಿ ತಂಪು ಎಂದು ನಾವೆಲ್ಲ ನಂಬಿದ್ದೇವೆ. ಕೋಣೆಯ ಕಾವು ತೋರಿಸುವ ಥರ್ಮಾಮೀಟರನ್ನು ಟೇಬಲ್ ಫ್ಯಾನ್ ಮುಂದೆ ಹಿಡಿದು ನೋಡಿ. ಕೋಣೆ 41 ಡಿಗ್ರಿ ಇದ್ದರೆ ಅಲ್ಲೂ 41. ನಮಗೆ ತಂಪೆನಿಸುವುದು ಬೆವರು ಆರುವುದರಿಂದ. ಆರುವ ನೀರು ಮೈಯ ಬಿಸಿಯನ್ನು ಹೊತ್ತೊಯ್ಯುತ್ತದೆ. ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವುದೂ ಹೀಗೆಯೇ. ಪ್ರೊಸೆಸರ್ ಬೆವರುತ್ತದೆಯೇ? ಇಲ್ಲ. ಅದರ ಮೇಲಿನ ಫ್ಯಾನು ಮಾಡುವುದು ಹಮಾಲರ ಕೆಲಸ. ಬಿಸಿಯಾದ ಗಾಳಿಯನ್ನು ಆಚೆ ಸಾಗಿಸುತ್ತದೆ, ಕೋಣೆಯ ಗಾಳಿಯನ್ನು ಒಳಗೆ ತರುತ್ತದೆ, ಅಷ್ಟೇ.

ಹಾಗಾಗಿ ಲೆಕ್ಕ ಸುಲಭ. ಅದೇ ಕೆಲಸ, ಅದೇ ಫ್ಯಾನು ಇದ್ದರೆ ಪ್ರೊಸೆಸರ್ ಕೋಣೆಗಿಂತ ಹೆಚ್ಚೂ ಕಡಿಮೆ ಅಷ್ಟೇ ಡಿಗ್ರಿ ಮೇಲಿರುತ್ತದೆ. ಅಳಿಯನ ಮಿಷನ್ನಿನಲ್ಲಿ ನಾನು ನೋಡಿದಾಗ ಕೋಣೆ 41, ಪ್ರೊಸೆಸರ್ 98. ಅಂತರ 57. ಜನವರಿಯಲ್ಲಿ ಕೋಣೆ 28 ಇದ್ದಾಗಲೂ ಅಂತರ ಅಷ್ಟೇ ಇದ್ದಿದ್ದರೆ ಅದು 85ರಲ್ಲಿ ಓಡುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗಿನ ಬಹಳಷ್ಟು ಪ್ರೊಸೆಸರ್‌ಗಳ ಮಿತಿ 95ರಿಂದ 100 ಡಿಗ್ರಿ. ಅಲ್ಲಿಗೆ ಮುಟ್ಟಿದರೆ ಪ್ರೊಸೆಸರ್ ಮೊದಲು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಅಳಿಯ ಹೇಳಿದ 'ಹನ್ನೆರಡರಿಂದ ನಿಧಾನ' ಇದೇ. ಅದಕ್ಕೂ ಬಗ್ಗದೆ ಕಾವು ಏರಿದರೆ ಸುಟ್ಟುಹೋಗುವ ಬದಲು ಆಫ್ ಆಗುತ್ತದೆ. ಅಂದರೆ ಪ್ರೊಸೆಸರ್ ಹೋಗಿರಲಿಲ್ಲ. ತನ್ನನ್ನು ತಾನು ಉಳಿಸಿಕೊಳ್ಳುತ್ತಿತ್ತು.

ಇಂಥ ಪ್ರೊಸೆಸರ್ ಹೊರಹಾಕುವ ಬಿಸಿ 65 ವ್ಯಾಟ್ ಎಂದುಕೊಳ್ಳಿ. ಹಳೆಯ ಬಲ್ಬಿನಷ್ಟು, ಅದರಲ್ಲೇನು ಎನ್ನಬಹುದು. ಆದರೆ ಆ ಬಿಸಿ ಹುಟ್ಟುವ ಜಾಗ ಉಗುರಿನಷ್ಟು, ಸುಮಾರು ಎರಡು ಚದರ ಸೆಂಟಿಮೀಟರ್. ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗೆಯ ಅಡಿ ಇನ್ನೂರು ಚದರ ಸೆಂಟಿಮೀಟರ್ ಎಂದುಕೊಳ್ಳಿ. ಒಂದೊಂದು ಚದರ ಸೆಂಟಿಮೀಟರಿಗೆ ಲೆಕ್ಕ ಹಾಕಿದರೆ ಇಸ್ತ್ರಿಯದು ಐದು ವ್ಯಾಟ್, ಪ್ರೊಸೆಸರ್‌ನದು ಮೂವತ್ತರ ಮೇಲೆ. ಇಷ್ಟು ಬಿಸಿ ಅಲ್ಲೇ ನಿಲ್ಲಬಾರದು, ಕೂಡಲೇ ಮೇಲಿನ ಹೀಟ್‌ಸಿಂಕ್‌ಗೆ, ಅಂದರೆ ಬಿಸಿ ಹೀರಿ ಗಾಳಿಗೆ ಬಿಡುವ ಲೋಹದ ಪಟ್ಟಿಗಳಿಗೆ, ದಾಟಬೇಕು.

ಆ ದಾಟುವ ಜಾಗ ನನಗೆ ಬಹಳ ಇಷ್ಟ. ಪ್ರೊಸೆಸರ್ ಮೇಲೆ ಒಂದು ಲೋಹದ ಮುಚ್ಚಳ, ಅದರ ಮೇಲೆ ಹೀಟ್‌ಸಿಂಕ್‌ನ ತಳ. ಎರಡೂ ಕನ್ನಡಿಯ ಹಾಗೆ ಕಾಣುತ್ತವೆ. ಆದರೂ ಪೂರ್ತಿ ಕೂಡುವುದಿಲ್ಲ! ನಮ್ಮ ರಾಯಚೂರು ಕೋಟೆಗೆ ಹೋಗಿ ನೋಡಿ. 1294ರ ಶಾಸನವಿರುವ ಆ ಉದ್ದನೆಯ ಕಲ್ಲು, ಅದರ ಸುತ್ತ ಗಾರೆಯಿಲ್ಲದೆ ಕೂಡಿಸಿದ ಭಾರಿ ಕಲ್ಲುಗಳು. ಎಷ್ಟು ಚೆನ್ನಾಗಿ ಕೆತ್ತಿ ಕೂಡಿಸಿದ್ದರೂ ಇರುವೆ ಓಡಾಡುವಷ್ಟು ಸಂದು ಅಲ್ಲಲ್ಲಿ ಉಳಿದೇ ಇದೆ. ಲೋಹದಲ್ಲೂ ಹಾಗೆಯೇ, ಸಂದು ಕಣ್ಣಿಗೆ ಕಾಣದಷ್ಟು ಸಣ್ಣದು ಅಷ್ಟೇ. ಅದರೊಳಗೆ ಗಾಳಿ ಕೂತಿರುತ್ತದೆ. ಗಾಳಿಗೆ ಬಿಸಿ ದಾಟಿಸುವ ತಾಕತ್ತು ತಾಮ್ರದ ಸುಮಾರು ಹದಿನೈದು ಸಾವಿರದಲ್ಲಿ ಒಂದು ಪಾಲು! ಹಂಚಿನ ಮೇಲೆ ಜೋಳದ ರೊಟ್ಟಿ ಬೇಯಿಸುವಾಗ ಅವ್ವ ಅರಿವೆಯಿಂದ ಒತ್ತುತ್ತಾಳೆ, ಅಲ್ವಾ? ಎದ್ದು ನಿಂತ ಕಡೆ ಗಾಳಿ ಸೇರುತ್ತದೆ, ಅಲ್ಲಿ ಹಸಿ ಉಳಿಯುತ್ತದೆ. ಅದೇ ಮಾತು ಇಲ್ಲಿಗೂ.

ಮುಚ್ಚಳ, ಹೀಟ್‌ಸಿಂಕ್ ಎರಡರ ನಡುವೆ ಥರ್ಮಲ್ ಪೇಸ್ಟ್ ಎಂಬ ಮುಲಾಮಿನಂಥದ್ದನ್ನು ಹಚ್ಚುವುದು ಈ ಗಾಳಿಯನ್ನು ಹೊರದಬ್ಬುವುದಕ್ಕೆ. ಸಾಧಾರಣ ಪೇಸ್ಟು ಗಾಳಿಗಿಂತ ಇನ್ನೂರು ಪಟ್ಟು ಚೆನ್ನಾಗಿ ಬಿಸಿ ದಾಟಿಸುತ್ತದೆ. ಆದರೆ ತಾಮ್ರದ ಮುಂದೆ ಅದೂ ಎಂಬತ್ತು ಪಟ್ಟು ಕಮ್ಮಿ. 'ಇನ್ನಷ್ಟು ಹಚ್ಚಿದರೆ ಇನ್ನಷ್ಟು ತಂಪು' ಎನ್ನುವುದು ತಪ್ಪಾಗುವುದು ಇಲ್ಲೇ. ಅದು ಸಂದು ತುಂಬುವ ಗಿಲಾವು, ಗೋಡೆಯಲ್ಲ. ನಡುವೆ ಬಟಾಣಿ ಕಾಳಿನಷ್ಟು ಇಟ್ಟು ಹೀಟ್‌ಸಿಂಕನ್ನು ಸರಿಯಾಗಿ ಬಿಗಿದರೆ ಒತ್ತಡಕ್ಕೆ ತಾನೇ ಹರಡಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ಒಣಗಿ ಬಿರುಕು ಬಿಡುತ್ತದೆ. ಆಗ ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಹೊಸದು ಹಾಕಬೇಕು.

ಸ್ವಲ್ಪ ದುಬಾರಿ ಪ್ರೊಸೆಸರ್ ಕೂಲರ್‌ಗಳಲ್ಲಿ (ಹೀಟ್‌ಸಿಂಕ್, ಫ್ಯಾನು ಎರಡೂ ಸೇರಿದ್ದು) ತಾಮ್ರದ ಕೊಳವೆಗಳಿರುತ್ತವೆ, ಹೀಟ್ ಪೈಪ್. ಗಾಳಿ ತೆಗೆದ ಕೊಳವೆಯೊಳಗೆ ಚೂರೇ ಚೂರು ನೀರು. ಒತ್ತಡ ಕಡಿಮೆ ಇರುವುದರಿಂದ ನಲವತ್ತು, ಐವತ್ತು ಡಿಗ್ರಿಗೇ ಆವಿಯಾಗುತ್ತದೆ. ಆವಿ ತಂಪಿರುವ ತುದಿಗೆ ಓಡಿ ಮತ್ತೆ ನೀರಾಗುತ್ತದೆ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಒಳಗೋಡೆಯ ಸಣ್ಣ ರಂಧ್ರಗಳು ಆ ನೀರನ್ನು ವಾಪಸ್ ಎಳೆದು ತರುತ್ತವೆ. ನಮ್ಮ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ 1985ರಿಂದ ನಡೆದಿರುವುದೂ ಇಂಥದೇ ಸುತ್ತು: ನೀರು ಆವಿ, ಆವಿ ನೀರು, ತಂಪಿಗೆ ಕೃಷ್ಣೆ. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಜಾರ್ಜ್ ಗ್ರೋವರ್ ಈ ಕೊಳವೆ ಮಾಡಿದ್ದು ಆಕಾಶನೌಕೆಗಳಿಗಾಗಿ. ಈಗ ಅದು ನಮ್ಮ ಮೇಜಿನ ಕೆಳಗಿದೆ.

ಅಳಿಯನ ಕ್ಯಾಬಿನೆಟ್ ಬಿಚ್ಚಿದೆವು. ಫ್ಯಾನು ತಿರುಗುತ್ತಿತ್ತು, ನೋಡಲು ಸ್ವಚ್ಛವಾಗಿಯೇ ಇತ್ತು. ಆಫ್ ಮಾಡಿ, ವೈರು ಕಿತ್ತು, ನಾಲ್ಕು ಸ್ಕ್ರೂ ಬಿಚ್ಚಿ ಫ್ಯಾನನ್ನು ಎತ್ತಿದೆ. ಕೆಳಗೆ ಬೂದು ಬಣ್ಣದ ಒಂದು ಹಾಸಿಗೆ! ಅಂಗಡಿಯ ಹಿಂದೆಯೇ ಹತ್ತಿ ಜಿನ್ನಿಂಗ್ ಮಿಲ್ಲು. ಎಳೆ ಮೇಲೆ ಎಳೆ ಕೂತು, ಧೂಳು ಹಿಡಿದು, ಅಲ್ಯೂಮಿನಿಯಂ ಪಟ್ಟಿಗಳ ಬಾಯಿ ಪೂರ್ತಿ ಮುಚ್ಚಿತ್ತು. ಉಗುರಿನಿಂದ ಎಬ್ಬಿಸಿದರೆ ಕಂಬಳಿಯ ತುಂಡಿನಂತೆ ಒಂದೇ ಸಲಕ್ಕೆ ಎದ್ದು ಬಂತು. ಉಳಿದದ್ದನ್ನು ಬ್ಲೋವರ್‌ನಿಂದ ಊದಿದೆವು. ಊದುವಾಗ ಫ್ಯಾನಿನ ಎಲೆಗಳನ್ನು ಬೆರಳಿನಿಂದ ಹಿಡಿದಿರಬೇಕು, ಸುಮ್ನೆ ಗಿರಗಿರ ತಿರುಗಲು ಬಿಟ್ಟರೆ ಬೇರಿಂಗ್ ಕೆಡಬಹುದು. ಮುಂದಿನ ಜಾಲರಿಯ ಹತ್ತಿರ ಆಯುಧ ಪೂಜೆಯ ಕುಂಕುಮವೂ ಕೂತಿತ್ತು. ಗಾಳಿ ಎಳೆಯುವ ಬಾಯಿ ಅದು. ಕುಂಕುಮ ಹಚ್ಚುವುದಾದರೆ ಮೇಲಿನ ತಗಡಿಗೆ ಹಚ್ಚಿ ಎಂದು ಅಕ್ಕನಿಗೆ ಹೇಳಿದೆ, ಒಪ್ಪಿದಳು.

ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಡುವವರು ಬಹಳ. ಅಂದಿನ ಮಟ್ಟಿಗೆ ನಾಲ್ಕು ಡಿಗ್ರಿ ಇಳಿಯಬಹುದು, ಆದರೆ ಹತ್ತಿಯ ಎಳೆ ಇನ್ನಷ್ಟು ಒಳಗೆ ಹೋಗುತ್ತದೆ. ಎಸಿ ಇಲ್ಲದಿದ್ದರೆ ಬಾಳುವುದಿಲ್ಲ ಎನ್ನುವುದೂ ನಿಜವಲ್ಲ. ನಮ್ಮ ಒಣ ಗಾಳಿಗೆ ನೀರಿನ ಏರ್ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಕೋಣೆ ಐದು ಡಿಗ್ರಿ ಇಳಿದರೆ ಪ್ರೊಸೆಸರ್ ಕೂಡ ಸುಮಾರು ಐದು ಇಳಿಯುತ್ತದೆ. ಅದರ ಬಾಯಿಯನ್ನು ಮಾತ್ರ ಕ್ಯಾಬಿನೆಟ್ ಕಡೆ ತಿರುಗಿಸಬೇಡಿ. ಹನಿಯ ಜೊತೆ ಬೋರ್‌ವೆಲ್ ನೀರಿನ ಉಪ್ಪು ಬೋರ್ಡಿನ ಮೇಲೆ ಕೂರುತ್ತದೆ.

ಹೊಸ ಪೇಸ್ಟು ಹಚ್ಚಿ, ಮುಚ್ಚಿ, ಅದೇ ಕೆಲಸ ಕೊಟ್ಟು ನೋಡಿದೆವು. ಕೋಣೆ 41, ಪ್ರೊಸೆಸರ್ 74. ಮರುದಿನ ಎರಡೂಕಾಲಿಗೆ ಅಳಿಯ ಫೋನ್ ಮಾಡಿದ. "ಮಾಮಾ, ಕೋಣಿ 42 ಅದ. ಇದು 75 ತೋರಸಾಕತ್ತದ. ಲಗ್ನಪತ್ರಿಕಿ ಪ್ರಿಂಟ್ ಹೊಡ್ಯಾಕ ಹತ್ತೀನಿ."