ಫೈನ್ ಮೋಟಾರ್ ಸ್ಕಿಲ್ ಅಂದ್ರೆ ಮುಷ್ಟಿಯಿಂದ ಚಿಟಿಕೆಗೆ

ಮಗಳ ಎಲ್‌ಕೆಜಿ ಡೈರಿಯಲ್ಲಿ ಒಂದು ಸಾಲು ಬಂತು: 'ಫೈನ್ ಮೋಟಾರ್ ಸ್ಕಿಲ್ಸ್ ಸುಧಾರಿಸಬೇಕು'. ಅತ್ತೆಗೆ ಓದಿ ಹೇಳಿದೆ. "ಮೋಟಾರಿಗೆ ಏನಾಯ್ತು?" ಅಂದ್ರು. ಅವರ ತಪ್ಪಲ್ಲ. ನಮ್ಮ ಕೊಡಗಿನಲ್ಲಿ ಮೋಟಾರ್ ಅಂದ್ರೆ ಕಾಫಿ ಹೂ ಅರಳಿಸೋ ಹೂಮಳೆ ಕೈಕೊಟ್ಟ ವರ್ಷ ಕೆರೆಯಿಂದ ಸ್ಪ್ರಿಂಕ್ಲರಿಗೆ ನೀರು ಎಳೆಯೋದು.

ಇಲ್ಲಿ ಮೋಟಾರ್ ಅಂದ್ರೆ ಚಲನೆ, ಅಷ್ಟೆ. ಓಡೋದು, ಹತ್ತೋದು, ನೆಗೆಯೋದು ದೊಡ್ಡ ಸ್ನಾಯುಗಳ ಕೆಲಸ. ಕೈ, ಬೆರಳು, ಮಣಿಕಟ್ಟಿನ ಸಣ್ಣ ಸ್ನಾಯುಗಳು ಕಣ್ಣು ಹೇಳಿದ ಹಾಗೆ ಕೇಳೋದು ಫೈನ್ ಮೋಟಾರ್. ಕನ್ನಡದಲ್ಲಿ ಸೂಕ್ಷ್ಮ ಚಲನಾ ಕೌಶಲ ಅಂತ ಬರೆಯುತ್ತಾರೆ. ನನಗೆ ಅದಕ್ಕಿಂತ ಅಡುಗೆಮನೆಯ ಮಾತೇ ಇಷ್ಟ. ಒಂದು ಹಿಡಿ ಅಕ್ಕಿ, ಒಂದು ಚಿಟಿಕೆ ಉಪ್ಪು ಅಂತೀವಲ್ಲ, ಆ ಹಿಡಿಯಿಂದ ಚಿಟಿಕೆವರೆಗೆ ಮಗುವಿನ ಕೈ ನಡೆಯೋ ದಾರಿಯೇ ಇದು. ಹುಟ್ಟಿದ ಮಗು ಬೆರಳು ಕೊಟ್ರೆ ಮುಷ್ಟಿ ಕಟ್ಟುತ್ತೆ. 6 ತಿಂಗಳ ಸುಮಾರಿಗೆ ಎಲ್ಲ ಬೆರಳಿಂದ ಬಾಚಿ ಎಳೆಯುತ್ತೆ. 9ರಿಂದ 12 ತಿಂಗಳ ಹೊತ್ತಿಗೆ ಹೆಬ್ಬೆರಳು, ತೋರುಬೆರಳು ಸೇರಿ ನೆಲದ ಮೇಲಿನ ಒಂದು ಅಗುಳನ್ನ ಎತ್ತುತ್ತೆ. ಅದೇ ಚಿಟಿಕೆ. ಪೆನ್ಸಿಲ್, ಗುಂಡಿ, ಜಿಪ್ ಎಲ್ಲ ಆಮೇಲಿನ ಮಾತು.

ಹುಟ್ಟುವಾಗ ಮಣಿಕಟ್ಟಿನ 8 ಮೂಳೆಗಳೂ ಇನ್ನೂ ಮೆತ್ತಗೇ ಇರುತ್ತವೆ, ವರ್ಷ ಕಳೆದ ಹಾಗೆ ಒಂದೊಂದಾಗಿ ಗಟ್ಟಿಯಾಗುತ್ತವೆ. ಹಾಗಾಗಿ ಮೂರು ವರ್ಷದವರಿಗೆ ಸಾಲುಸಾಲು 'ಅ' ಬರೆಸೋದು ನನಗಂತೂ ಸರಿ ಕಾಣಲ್ಲ.

ಆನ್‌ಲೈನಲ್ಲಿ ಇದಕ್ಕೇ ಕಿಟ್ ಮಾರುತ್ತಾರೆ. ಸುಮ್ನೆ ದುಡ್ಡು ದಂಡ. ಕಡಂಬುಟ್ಟು, ಅಂದ್ರೆ ನಮ್ಮ ಕಡೆಯ ಹಬೆಯಲ್ಲಿ ಬೇಯಿಸಿದ ಅಕ್ಕಿತರಿ ಉಂಡೆ, ಮಾಡೋ ದಿನ ತರಿ ಬೆಂದು ಆರಿದ ಮೇಲೆ ಪುಟ್ಟ ಅಂಗೈಗೆ ತುಪ್ಪ ಸವರಿ ಒಂದು ಉಂಡೆಯಷ್ಟು ಕೊಡಿ. ಮೊದಲು ಹಿಸುಕಿ ಚಪ್ಪಟೆ ಮಾಡ್ತಾರೆ. ಎರಡೂ ಕೈ ಒಂದೇ ಒತ್ತಡದಲ್ಲಿ ತಿರುಗಿದ್ರೆ ಮಾತ್ರ ಅದು ಉರುಟಾಗುತ್ತೆ, ಮತ್ತೆ ಅದು ಒಂದೇ ದಿನಕ್ಕೆ ಬರಲ್ಲ. ನಮ್ಮನೆ ಹಬೆಪಾತ್ರೆಯಲ್ಲಿ ಎಷ್ಟೋ ಸಲ ಎರಡು ಮೂರು ಸೊಟ್ಟ ಕಡಂಬುಟ್ಟು ಇರುತ್ತವೆ, ಅವನ್ನ ಮಗಳೇ ತಿನ್ನಬೇಕು! ಕೊಡಗಿನ ಕಿತ್ತಳೆ ಸಿಪ್ಪೆಯ ತುದಿ ಸ್ವಲ್ಪ ಬಿಡಿಸಿಕೊಟ್ರೆ ಉಳಿದದ್ದು ಮಕ್ಕಳೇ ಸುಲಿಯುತ್ತಾರೆ. ಇನ್ನು ಜುಲೈ ಮಳೆಗೆ ಬಟ್ಟೆಯೆಲ್ಲ ಒಳಗಿನ ಹಗ್ಗಕ್ಕೆ ಬಂದಾಗ ಕ್ಲಿಪ್ ಹಾಕೋ ಕೆಲಸ ಅವರಿಗೇ ಬಿಡಿ.

ಕುಯ್ಲಿನ ಕಾಲದಲ್ಲಿ ಅವಳಿಗೆ ಜಾಸ್ತಿ ಇಷ್ಟ ಕಾಫಿಹಣ್ಣು. ಕೆಂಪು ಹಣ್ಣನ್ನ ಎರಡು ಬೆರಳಲ್ಲಿ ಒತ್ತಿದ್ರೆ ಲೋಳೆ ಲೋಳೆ ಬೀಜ ಎರಡು ಪುಳಕ್ ಅಂತ ಹೊರಗೆ ಜಾರುತ್ತವೆ. ಜೋರಾಗಿ ಒತ್ತಿದ್ರೆ ಅಜ್ಜಿಯ ಮೇಲೆ. ಎಷ್ಟು ಒತ್ತಬೇಕು ಅಂತ ಬೆರಳಿಗೆ ತಿಳಿಯೋದು ಹೀಗೇ ಅಲ್ವಾ? ಆದ್ರೆ 3 ವರ್ಷದೊಳಗಿನವರ ಕೈಗೆ ಕಾಫಿಬೀಜ, ಕರಿಮೆಣಸು, ಗುಂಡಿ ಕೊಡಬೇಡಿ. ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಅದಕ್ಕಿಂತ ದೊಡ್ಡ ಮಕ್ಕಳಾದ್ರೂ ಪಕ್ಕದಲ್ಲೇ ಕೂತಿರಿ.

ಒಂದೊಂದು ಮಗು ಒಂದೊಂದು ಥರ, ಸ್ವಲ್ಪ ಹಿಂದೆಮುಂದೆ ಆಗುತ್ತೆ. ಆದ್ರೆ ವರ್ಷ ದಾಟಿ ತಿಂಗಳುಗಳಾದರೂ ಚಿಟಿಕೆ ಹಿಡಿತ ಬರದಿದ್ರೆ, ಅಥವಾ ವರ್ಷ ತುಂಬೋ ಮೊದಲೇ ಒಂದೇ ಕೈ ಬಳಸಿ ಇನ್ನೊಂದನ್ನ ಸುಮ್ಮನೆ ಬಿಟ್ಟಿದ್ರೆ ಮಕ್ಕಳ ಡಾಕ್ಟರಿಗೆ ತೋರಿಸಿ.